ಬಿಚ್ಚಲು ಬಾರದ ಕಚ್ಚು

ಸೈಕಲ್ ದುಕಾನಿನಲ್ಲಿ ಜನ್ಮ ಸವೆಸಿದವನು ಏನು ಬರೆದಾನು ಎಂದು ನಮ್ಮ ಮನೆಯಲ್ಲೇ ನಗುತ್ತಾರೆ. ನಗಲಿ. ಖಾನಾಪುರದ ನನ್ನ ದುಕಾನನ್ನು ತಮ್ಮನ ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ, ಈ ಕಸುಬಿಗೆ ಹೊಸದಾಗಿ ಇಳಿದವರು ಆಗಾಗ ಬಂದು ಕೇಳುತ್ತಾರೆ: ಗಾಲಿಯ ಡೊಂಕು ತೆಗೆಯುವುದು ಹೇಗೆ, ಮುರಿದ ಚೌಕಟ್ಟಿಗೆ ಬೆಸುಗೆ ನಿಲ್ಲುವುದು ಹೇಗೆ. ಅದನ್ನೆಲ್ಲ ಕೈ ತಾನಾಗಿ ಕಲಿಯುತ್ತದೆ, ಬರೆದು ಹೇಳುವಂಥದ್ದಲ್ಲ. ಬರೆದು ಹೇಳಬೇಕಾದದ್ದು ಬೇರೆ ಇದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಯಾಕೆ ಕೆಲಸ ಬಿಟ್ಟರು ಎಂಬುದು ಇವರಿಗೆ ಗೊತ್ತಿರಬೇಕು.

ನಾನು ಅನಗೋಳದ ಬಡಿಗೇರರ ಮನೆಯವನು, ಹೆಸರು ಮೋನಪ್ಪ. ಅಪ್ಪ ಚಕ್ಕಡಿಯ ಗಾಲಿ ಮಾಡುತ್ತಿದ್ದರು. ನನಗೆ ಕಟ್ಟಿಗೆಗಿಂತ ಕಬ್ಬಿಣದ ಮೇಲೆ ಮನಸ್ಸು. ಜರ್ಮನಿಯ ಯುದ್ಧ ಮುಗಿದು ಕೆಲವು ವರ್ಷ ಆಗಿತ್ತು; ಬೆಳಗಾವಿಯಲ್ಲಿ ಸೈಕಲ್ಲುಗಳು ಹೆಚ್ಚುತ್ತಿದ್ದವು. ಮೊದಲು ಕ್ಯಾಂಪಿನ ಸಾಹೇಬರು, ವಕೀಲರು ಮಾತ್ರ ಏರುತ್ತಿದ್ದ ವಾಹನವನ್ನು ಈಗ ಹಾಲಿನವರು, ಅಂಚೆಯವರು, ಸಾಲಿ ಮಾಸ್ತರರು ಏರತೊಡಗಿದ್ದರು. ನಾನು ಸೈಕಲ್ ದುಕಾನು ಸೇರುತ್ತೇನೆ ಎಂದಾಗ ಅಪ್ಪ ಮುಖ ಗಂಟು ಹಾಕಿಕೊಂಡು, ನಾಲ್ಕು ಗಾಲಿಗೆ ಹುಟ್ಟಿದವನು ಎರಡು ಗಾಲಿಗೆ ಇಳಿದೆಯಲ್ಲ ಎಂದರು. ಚಕ್ಕಡಿಗೂ ಎರಡೇ ಗಾಲಿ ಎಂದು ನಾನು ಹೇಳಲು ಹೋಗಲಿಲ್ಲ, ಹೊಡೆತ ಬೀಳುತ್ತಿತ್ತು.

ದುಕಾನು ಕೇಶವ ಶೇಟ ಎಂಬವರದು. ಮುಂದಿನ ಕೋಣೆಯಲ್ಲಿ ಮಾಲು ಮಾರಾಟ, ಹಿಂದಿನ ಪಡಸಾಲೆಯಲ್ಲಿ ರಿಪೇರಿ. ಮುಂದಿನದಕ್ಕೆ ಶೇಟರು ಒಡೆಯರು, ಹಿಂದಿನದಕ್ಕೆ ದಸ್ತಗೀರಸಾಬರು. ಶೇಟರೂ ಪಡಸಾಲೆಯ ಹೊಸ್ತಿಲು ದಾಟುವ ಮೊದಲು ಕೆಮ್ಮಿ ಬರುತ್ತಿದ್ದರು. ನಾವು ದಸ್ತಗೀರಸಾಬರನ್ನು ಉಸ್ತಾದ್ ಎನ್ನುತ್ತಿದ್ದೆವು, ಗಿರಾಕಿಗಳು ಮಿಸ್ತ್ರಿ ಎನ್ನುತ್ತಿದ್ದರು. ಅವರು ಶೇಟರೊಂದಿಗೆ ಮರಾಠಿ, ನಮ್ಮೊಂದಿಗೆ ಕನ್ನಡ ಮಾತಾಡುತ್ತಿದ್ದರು. ಸೈಕಲ್ಲು ಹಟ ಹಿಡಿದರೆ ಅದಕ್ಕೆ ಮಾತ್ರ ತಮ್ಮ ಮನೆಮಾತಿನಲ್ಲಿ ಬಯ್ಯುತ್ತಿದ್ದರು. ಬೈಗುಳ ಮುಗಿಯುವಷ್ಟರಲ್ಲಿ ಸೈಕಲ್ಲು ಸರಿಯಾಗಿರುತ್ತಿತ್ತು. ಇದು ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದ ಗಿರಾಕಿಗೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವರ ಕೆಲಸದ ರೀತಿ ಈಗಿನವರಿಗೆ ಬೇಸರ ತರಿಸೀತು. ಯಾವ ಸಾಮಾನು ಬಂದರೂ ಮೊದಲೇ ತಿರುಪು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಘಾಸಲೇಟ, ಅಂದರೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊರಳಿಸಿ ಹೊರಳಿಸಿ ನೋಡಿ, ಹೆಬ್ಬೆರಳನ್ನು ಅಂಚಿನ ಸುತ್ತ ಆಡಿಸುತ್ತಿದ್ದರು. ಪಾನಾ ಕೂಡಲೆಂದು ಮಾಡಿದವನು ಎಲ್ಲಿ ಕಚ್ಚು ಕೊರೆದಿದ್ದಾನೆ ಎಂದು ಹುಡುಕುತ್ತಿದ್ದರು. ಕಚ್ಚು ಸಿಕ್ಕಿದ ಮೇಲೆ ಅವರ ಮುಖ ಸಡಿಲಾಗುತ್ತಿತ್ತು.

"ಮಾಡಿದವ ಎಲ್ಲೋ ದೂರ ಕುಂತಾನ, ಅವನ ಮಾರಿ ನಾವು ನೋಡಿಲ್ಲ. ಆದ್ರ ಕಚ್ಚ ಕೊಟ್ಟಾನ ಅಂದ್ರ, ಕೆಟ್ರ ಇಲ್ಲಿಂದ ಬಿಚ್ಚು ಅಂತ ನಮಗ ಹೇಳ್ಯಾನ. ಅವನ ಮಾತು ಕೇಳು, ಜೋರು ಮಾಡಬ್ಯಾಡ," ಎನ್ನುತ್ತಿದ್ದರು.

ಈ ಮಾತು ಎಷ್ಟು ಖರೆಯೆಂದು ದೇಸೂರಿನ ಹಾಲಿನ ಪರಶರಾಮ ತೋರಿಸಿಕೊಟ್ಟ. ಅವನ ಎಡಗಡೆಯ ಪೆಡಲು ಸ್ವಲ್ಪ ಸಡಿಲಾಗಿತ್ತಂತೆ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ ಎಂಬುದು ಅವನಿಗೇನು ಗೊತ್ತು? ಎಲ್ಲ ತಿರುಪಿನ ಹಾಗೆ ಬಲಕ್ಕೆ ತಿರುವಿದ. ಬಿಗಿಯಾಗಲಿಲ್ಲ ಎಂದು ತಮ್ಮನನ್ನು ಕರೆದು ಇಬ್ಬರೂ ಸೇರಿ ತಿರುವಿದರು. ಕಡೆಗೆ ಪೆಡಲನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು, ಹಾಲಿನ ಕ್ಯಾನು ಹೇರಿದ ಸೈಕಲ್ಲನ್ನು ನೂಕಿಕೊಂಡು ದೇಸೂರಿನಿಂದ ನಡೆದೇ ಬಂದ. ಪೆಡಲಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಎಂದು ದೂರು ಕೊಟ್ಟ. ಉಸ್ತಾದರು ನಕ್ಕು, ಪೆಡಲಿನ ತುದಿಯಲ್ಲಿದ್ದ ಸಣ್ಣ ಗುರುತನ್ನು ತೋರಿಸಿ, ಮಾಡಿದವನು ಇಲ್ಲಿ ಬರೆದಿದ್ದಾನೆ, ನೀವು ಅಣ್ಣತಮ್ಮ ಓದಲಿಲ್ಲ ಎಂದರು. ಅಂದಿನಿಂದ ಪರಶರಾಮ ಯಾವ ಸಾಮಾನು ಕೊಳ್ಳುವುದಿದ್ದರೂ ಮೊದಲು ಹಿಂದಿನ ಪಡಸಾಲೆಗೆ ಬಂದು ಉಸ್ತಾದರಿಗೆ ತೋರಿಸಿಯೇ ಕೊಳ್ಳುತ್ತಿದ್ದ.

ಅವನೊಬ್ಬನೇ ಅಲ್ಲ. ಉಸ್ತಾದರು ಬಂದ ಗಿರಾಕಿಗೆಲ್ಲ ಕಲಿಸಿದ್ದು ಒಂದೇ ಪಾಠ: ಹೊರಳಿಸಿ ನೋಡಿರಿ, ಕಚ್ಚು ಇದ್ದರೆ ಮಾತ್ರ ತಗೊಳ್ಳಿರಿ, ಕೆಟ್ಟರೆ ನಾನಿದ್ದೇನೆ. ಊರೆಲ್ಲ ಈ ಪಾಠ ಕಲಿಯಿತು. ಕಾಯಿಪಲ್ಯೆ ಕೊಳ್ಳುವವಳು ಬದನೆಕಾಯಿ ಒತ್ತಿ ನೋಡುವ ಹಾಗೆ ನಮ್ಮ ಗಿರಾಕಿಗಳು ಫ್ರೀವೀಲನ್ನು ಹೊರಳಿಸಿ ಕಚ್ಚು ಹುಡುಕುತ್ತಿದ್ದರು. ಬೇರೆ ದುಕಾನಿನವರು ಇದು ನಿಮ್ಮ ಮಿಸ್ತ್ರಿ ಹಚ್ಚಿದ ಚಾಳಿ ಎಂದು ಗೊಣಗುತ್ತಿದ್ದರು.

ಫ್ರೀವೀಲು ಎಂದರೆ ಸೈಕಲ್ಲಿನ ಹಿಂದಿನ ಗಾಲಿಯ ಹಲ್ಲುಚಕ್ರ. ಅದರೊಳಗೆ ಉಕ್ಕಿನ ಎರಡು ಸಣ್ಣ ನಾಲಿಗೆಗಳು, ಅವನ್ನು ಎತ್ತಿ ಹಿಡಿಯುವ ಕೂದಲಿನಂಥ ಸ್ಪ್ರಿಂಗು ಇರುತ್ತವೆ. ಸ್ಪ್ರಿಂಗು ಮುರಿದರೆ ಎಷ್ಟು ತುಳಿದರೂ ಗಾಲಿ ತಿರುಗದು, ಕಾಲು ಗಾಳಿಯಲ್ಲಿ ಆಡಿದಂತಾಗುತ್ತದೆ. ಮುಚ್ಚಳದ ಮೇಲೆ ಎದುರುಬದುರು ಎರಡು ಕಚ್ಚು. ಎರಡು ಹಲ್ಲಿನ ಪಾನಾ ಅದರಲ್ಲಿ ಕೂಡಿಸಿ ತಿರುವಿದರೆ ಮುಚ್ಚಳ ಬರುತ್ತದೆ, ಹೊಸ ಸ್ಪ್ರಿಂಗು ಹಾಕಿ ಮುಚ್ಚಿದರೆ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ. ಉಸ್ತಾದರು ಈ ಪಾನಾವನ್ನು ಕಬ್ಬಿಣ ಉಜ್ಜುವ ಹಳೆಯ ಅರವೊಂದನ್ನು ಕಾಯಿಸಿ, ಬಡಿದು ತಾವೇ ಮಾಡಿಕೊಂಡಿದ್ದರು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಒಂದು ವರ್ಷ ಮುಂಬಯಿಯಿಂದ ಹೊಸ ಮಾಲು ಬಂತು. ನೋಡಲು ಥಳಥಳ, ಹಳೆಯದಕ್ಕಿಂತ ಅಗ್ಗ. ಫ್ರೀವೀಲಿನ ಮುಚ್ಚಳ ಮಾತ್ರ ತಾಟಿನ ಹಾಗೆ ನುಣ್ಣಗೆ. ಗಿರಾಕಿಗಳು ಎತ್ತಿ ನೋಡಿದರು, ಹೊರಳಿಸಿ ನೋಡಿದರು, ಕೆಳಗಿಟ್ಟು ಹೋದರು. ಮಾಲು ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತಿತು. ಶೇಟರು ಒಳಗೊಳಗೇ ಕುದಿದರೂ ಉಸ್ತಾದರ ಮುಂದೆ ಬಾಯಿ ಬಿಡಲಿಲ್ಲ.

ಆ ಮಾಲಿನ ಏಜೆಂಟನೊಬ್ಬ ಬಂದ. ಬಿಳಿ ಪ್ಯಾಂಟು, ತಲೆಗೆ ಸೋಲಾ ಟೊಪ್ಪಿಗೆ. ಇದು ಯಾಕೆ ಹೋಗಿಲ್ಲ ಎಂದು ಶೇಟರನ್ನು ಕೇಳಿದ. ಶೇಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ನಮ್ಮ ಮಂದಿ ಕಚ್ಚು ನೋಡಿ ತಗೊಳ್ಳುತ್ತಾರೆ, ನಮ್ಮ ಮಿಸ್ತ್ರಿ ಹಾಗೆ ಕಲಿಸಿದ್ದಾರೆ. ಆತ ಹಳೆಯ ಫ್ರೀವೀಲೊಂದನ್ನು ತರಿಸಿ, ಕಚ್ಚಿನ ಮೇಲೆ ಬೆರಳಿಟ್ಟು ನೋಡಿ, ನಕ್ಕು, ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಚಹಾದ ಕಪ್ಪು ಹಿಡಿದು ನಿಂತಿದ್ದ ನಾನು ಅದನ್ನು ನೋಡಿದೆ. ನನಗೆ ಏನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ?

ಮುಂದಿನ ಸಲ ಬಂದ ಪೆಟ್ಟಿಗೆಯಲ್ಲಿ ಅದೇ ಥಳಥಳ ಫ್ರೀವೀಲು, ಈ ಸಲ ಎರಡು ಕಚ್ಚುಗಳೊಂದಿಗೆ. ಎಷ್ಟು ಚೆಂದದ ಕಚ್ಚುಗಳು ಎನ್ನುತ್ತೀರಿ! ಸುತ್ತ ತೆಳ್ಳನೆಯ ಗೆರೆ ಬೇರೆ, ಮುಚ್ಚಳ ಅಲ್ಲಿಂದಲೇ ಬಿಚ್ಚಿ ಬರುತ್ತದೆ ಎಂಬ ಹಾಗೆ. ಉಸ್ತಾದರು ಹೆಬ್ಬೆರಳು ಆಡಿಸಿ, ತಮ್ಮ ಪಾನಾ ತಂದು ಕೂಡಿಸಿ ನೋಡಿದರು. ಅಳತೆ ಸರಿಯಾಗಿ ಕೂತಿತು. ಹೊಸ ಮಾಲನ್ನು ಬಿಚ್ಚಲು ಶೇಟರು ಬಿಡುತ್ತಿರಲಿಲ್ಲ, ಬಿಚ್ಚಿ ನೋಡುವ ಅಗತ್ಯವೂ ಉಸ್ತಾದರಿಗೆ ಕಾಣಲಿಲ್ಲ. ನಮ್ಮ ಮಾತು ಅವನತನಕ ಮುಟ್ಟಿತು ನೋಡು ಎಂದು ಆ ದಿನವೆಲ್ಲ ಖುಷಿಯಲ್ಲಿದ್ದರು. ಎಲ್ಲೋ ದೂರ ಕೂತವನು ಬೆಳಗಾವಿಯ ಮಿಸ್ತ್ರಿಯ ಮಾತಿಗೆ ಬೆಲೆ ಕೊಟ್ಟ ಎಂದು ಅವರಿಗೆ ಹೆಮ್ಮೆ. ಆ ಹೆಮ್ಮೆಯ ಮುಖ ನೆನಪಾದಾಗಲೆಲ್ಲ ನನಗೆ ಆ ಏಜೆಂಟನ ನಗೆಯೂ ನೆನಪಾಗಿ ಮೈ ಉರಿಯುತ್ತದೆ.

ಖಾನಾಪುರದಿಂದ ದೇವಿ ಮಾಸ್ತರು ಬಂದದ್ದು ಆ ದಿನಗಳಲ್ಲಿ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಆ ಬೇನೆ ಬಾರದಂತೆ ಮಕ್ಕಳ ತೋಳಿಗೆ ಔಷಧ ಹಾಕುವ ಸರಕಾರಿ ನೌಕರರಾದ್ದರಿಂದ ಜನ ಅವರನ್ನು ದೇವಿ ಮಾಸ್ತರ ಎನ್ನುತ್ತಿದ್ದರು. ನಂದಗಡ, ಜಾಂಬೋಟಿ ಕಡೆಯ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಔಷಧ ಬಿಸಿಲಿಗೆ ಕೆಡುತ್ತದೆ, ಬೇಗ ಮುಟ್ಟಬೇಕು. ಹಳೆಯ ಫ್ರೀವೀಲು ಹಲ್ಲು ಸವೆದು ಹೋಗಿತ್ತು. ಯಾವುದು ಹಾಕಿಸಲಿ ಎಂದು ಉಸ್ತಾದರನ್ನೇ ಕೇಳಿದರು.

"ಇದನ್ನ ಹಾಕಸ್ರಿ ಮಾಸ್ತರ್ರ, ಕಚ್ಚ ಐತ್ರಿ. ಕೆಟ್ರ ಬಿಚ್ಚಿ ಕೊಡಾಕ ನಾ ಅದೀನಿ," ಎಂದು ಉಸ್ತಾದರು ಮಾತು ಕೊಟ್ಟರು.

ಮಳೆಗಾಲ ಕಳೆದ ಮೇಲೆ ಅದು ಕೆಟ್ಟಿತು. ಜಾಂಬೋಟಿಯ ಹಾದಿಯಲ್ಲಿ, ಊರು ಇನ್ನೂ ದೂರ ಇರುವಾಗ, ಪೆಡಲು ಸುಮ್ಮನೆ ತಿರುಗತೊಡಗಿತಂತೆ. ಮಾಸ್ತರರು ಬಿಸಿಲಿನಲ್ಲಿ ಸೈಕಲ್ಲು ನೂಕುತ್ತ ಮುಟ್ಟುವಷ್ಟರಲ್ಲಿ ಔಷಧ ಕೆಟ್ಟುಹೋಗಿತ್ತು. ಮೇಲಿನವರಿಂದ ಬೈಸಿಕೊಂಡು, ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬೆಳಗಾವಿಗೆ ಬಂದರು. ಉಸ್ತಾದರು ಗಾಬರಿಯಾಗಲಿಲ್ಲ. ಸ್ಪ್ರಿಂಗು ಹೋಗಿರುತ್ತದೆ, ಅರ್ಧ ತಾಸಿನ ಕೆಲಸ, ಚಹಾ ಕುಡಿಯಿರಿ ಎಂದರು.

ಪಾನಾ ಕೂಡಿಸಿ ತಿರುವಿದರು. ಬರಲಿಲ್ಲ. ಉಲ್ಟಾ ಇರಬಹುದೆಂದು ಎಡಕ್ಕೆ ಬಲಕ್ಕೆ ನೋಡಿದರು. ಘಾಸಲೇಟಿನಲ್ಲಿ ಮುಳುಗಿಸಿಟ್ಟು ಮರುದಿನ ತಿರುವಿದರು. ಕಾಯಿಸಿದರು, ಆರಿಸಿದರು, ಮನೆಮಾತಿನ ಬೈಗುಳವೆಲ್ಲ ಮುಗಿಸಿದರು. ಕಡೆಗೆ, ಜೋರು ಮಾಡಬಾರದೆಂದು ತಾವೇ ಹಾಕಿಕೊಂಡಿದ್ದ ನೇಮ ಮುರಿದು, ಉಳಿಯಿಟ್ಟು ಸುತ್ತಿಗೆಯಿಂದ ಬಡಿದರು. ಉಳಿ ಜಾರಿ ಕಚ್ಚಿನ ಅಂಚು ಕಿತ್ತುಬಂತು. ನನ್ನ ಕೈಗೆ ಕೊಡಿ ಎಂದರೆ ಕೊಡಲಿಲ್ಲ. ಅಂಚು ಹೋದ ಮೇಲೆ ಇನ್ನು ಯಾರ ಕೈಗೂ ಬರುವುದಿಲ್ಲ, ನಾನೇ ಕೆಡಿಸಿದೆ ಎಂದರು.

ದೇವಿ ಮಾಸ್ತರರು ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಅವರು ಬಲು ಸೌಮ್ಯ ಮನುಷ್ಯ. ಉಸ್ತಾದರ ಹೆಗಲ ಮೇಲೆ ಕೈಯಿಟ್ಟು, "ಇರ್ಲಿ ಬಿಡ್ರಿ ಮಿಸ್ತ್ರಿ, ವಯಸ್ಸಾತು ನಿಮಗ. ಕೈಯಾಗ ಮೊದಲಿನ ಕಸುವು ಎಲ್ಲಿಂದ ಬರಬೇಕು?" ಎಂದರು. ಸಮಾಧಾನ ಮಾಡಲೆಂದೇ ಅಂದದ್ದು. ಉಸ್ತಾದರು ತಮ್ಮ ಕೈ ಕಡೆ ನೋಡಿಕೊಂಡರು. ಶೇಟರು ಮುಂದಿನ ಕೋಣೆಯಿಂದ ಹೊಸ ಫ್ರೀವೀಲು ತಂದು ಹಾಕಿಸಿ ಮಾಸ್ತರರನ್ನು ಕಳಿಸಿಕೊಟ್ಟರು.

ಅಲ್ಲಿಂದ ಮುಂದೆ ಉಸ್ತಾದರು ಉಸ್ತಾದರಾಗಿ ಉಳಿಯಲಿಲ್ಲ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸಕ್ಕೂ ಇದು ಸರಿಯಾಯಿತೇ ನೋಡು ಎಂದು ನನ್ನನ್ನು ಕೇಳತೊಡಗಿದರು. ಗಿರಾಕಿ ಸೈಕಲ್ಲು ಒಯ್ಯುವ ಮೊದಲು ಪಾನಾ ತೆಗೆದುಕೊಂಡು ಮತ್ತೊಮ್ಮೆ ಬಿಗಿದು ನೋಡುತ್ತಿದ್ದರು. ಸೈಕಲ್ಲಿಗೆ ಬಯ್ಯುವುದನ್ನು ಬಿಟ್ಟೇಬಿಟ್ಟರು. ಪಡಸಾಲೆ ಬಿಕೋ ಎನ್ನುತ್ತಿತ್ತು.

ಖಂಡೇನವಮಿಗೆ ನಮ್ಮಲ್ಲಿ ಹತಾರುಗಳ ಪೂಜೆ. ಎಲ್ಲರೂ ತಮ್ಮ ತಮ್ಮ ಹತಾರು ತೊಳೆದು ಹಲಗೆಯ ಮೇಲೆ ಇಡುತ್ತೇವೆ. ಉಸ್ತಾದರೂ ಪ್ರತಿವರ್ಷ ತಮ್ಮವನ್ನು ಘಾಸಲೇಟಿನಲ್ಲಿ ತಿಕ್ಕಿ ತಂದಿಡುತ್ತಿದ್ದರು. ಮರುದಿನ ದಸರೆಯ ಬೆಳಗ್ಗೆ ಅವರವರ ಹತಾರು ಅವರೇ ಎತ್ತಿಕೊಳ್ಳಬೇಕು, ಒಬ್ಬರದು ಇನ್ನೊಬ್ಬರು ಮುಟ್ಟಬಾರದು ಎಂಬುದು ಪಡಸಾಲೆಯ ಪದ್ಧತಿ. ಆ ವರ್ಷ ಎಲ್ಲರೂ ಎತ್ತಿಕೊಂಡರು. ಉಸ್ತಾದರವು ಕುಂಕುಮ ಹಚ್ಚಿಕೊಂಡು ಹಲಗೆಯ ಮೇಲೆಯೇ ಉಳಿದವು. ಎರಡು ಹಲ್ಲಿನ ಪಾನಾವೊಂದನ್ನು ಮಾತ್ರ ಜೇಬಿಗೆ ಹಾಕಿಕೊಂಡರು. ನನ್ನ ಕೈಗೆ ಬನ್ನಿಯ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು ಮೋನಪ್ಪಾ. ಉಳಿದದ್ದು ನೀ ಇಟ್ಕೋ," ಎಂದು ಹೊರಟುಬಿಟ್ಟರು. ಖಾನಾಪುರದಲ್ಲಿ ಮಗಳ ಮನೆಯಿತ್ತು, ಅಲ್ಲಿಗೆ ಹೋದರು. ಶೇಟರು ಸ್ಟೇಶನ್ನಿನವರೆಗೂ ಬೆನ್ನುಹತ್ತಿ ಹೋಗಿ ಬರಿಗೈಯಲ್ಲಿ ಬಂದರು. ಹಲಗೆಯ ಮೇಲಿನ ಹತಾರು ಮುಟ್ಟಲು ನನಗೆ ಮನಸ್ಸಾಗಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ದೇಸೂರಿನ ಪರಶರಾಮ ತನ್ನ ಫ್ರೀವೀಲು ಕಿತ್ತುಕೊಂಡು ಬಂದ. ಅದೇ ಥಳಥಳ ಮಾಲು, ಕಚ್ಚು ನೋಡಿ ಕೊಂಡದ್ದು. ಅಂಚು ಹೊಸದರಂತೆ ಚೂಪಾಗಿತ್ತು. ನನಗಾಗ ತುಂಬು ಪ್ರಾಯ, ತೋಳಿನಲ್ಲಿ ಕಸುವಿಗೆ ಕೊರತೆಯಿಲ್ಲ. ಸಾಮಾನು ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ, ಉಸ್ತಾದರದರಂತೆ ನಾನು ಮಾಡಿಕೊಂಡಿದ್ದ ಪಾನಾಕ್ಕೆ ಉದ್ದನೆಯ ಕೊಳವೆ ಸಿಗಿಸಿ ತಿರುವಿದೆ. ಬರಲಿಲ್ಲ. ಪರಶರಾಮನೂ ಬಂದು ಜೋತುಬಿದ್ದ. ಪಾನಾದ ಹಲ್ಲು ಮುರಿಯಿತು, ಮುಚ್ಚಳ ಅಲುಗಲಿಲ್ಲ. ಆಗ ನನಗೆ ಅನುಮಾನ ಬಂತು. ಗರಗಸ ತೆಗೆದುಕೊಂಡು ಅದನ್ನು ನಡುವೆ ಸೀಳಿದೆ.

ಒಳಗೆ ಆಟೆಯೇ ಇರಲಿಲ್ಲ. ಆಟೆ ಎಂದರೆ ತಿರುಪು ಸುತ್ತಿಕೊಳ್ಳುವ ಗೆರೆ. ಅದಿದ್ದರೆ ತಾನೇ ಬಿಚ್ಚುವುದು? ಮುಚ್ಚಳವನ್ನು ಯಂತ್ರದಲ್ಲಿ ಒತ್ತಿ, ಅಂಚು ಮಡಚಿ ಕೂಡಿಸಿಬಿಟ್ಟಿದ್ದರು. ಸುತ್ತಲಿನ ಗೆರೆ ಬರೀ ಮೇಲೆ ಕೊರೆದದ್ದು, ಕಚ್ಚುಗಳೂ ಹಾಗೆಯೇ. ಲೋಕದ ಯಾವ ಮಿಸ್ತ್ರಿಯೂ ಅದನ್ನು ಬಿಚ್ಚಲಾರ. ಶೇಟರಿಗೆ ತೋರಿಸಿದೆ. ಅವರ ಮುಖ ಕಪ್ಪಿಟ್ಟಿತು. ಏಜೆಂಟ ಒಯ್ದ ಹಳೆಯ ಫ್ರೀವೀಲಿನ ನೆನಪು ಇಬ್ಬರಿಗೂ ಒಮ್ಮೆಲೇ ಬಂತು. ನನಗೆ ಮಾತ್ರ ಆ ಕ್ಷಣ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ಉಸ್ತಾದರ ಕೈ ಹೋಗಿರಲಿಲ್ಲ! ಇದನ್ನು ತೋರಿಸಿದರೆ ಸಾಕು, ನಾಳೆಯೇ ಅವರು ಪಡಸಾಲೆಗೆ ಮರಳಿ ಬರುತ್ತಾರೆ ಎಂದುಕೊಂಡು, ಎರಡು ಹೋಳನ್ನೂ ವಸ್ತ್ರದಲ್ಲಿ ಕಟ್ಟಿಕೊಂಡು ಖಾನಾಪುರದ ರೈಲು ಹತ್ತಿದೆ. ರೈಲು ದೇಸೂರಿನಲ್ಲಿ ನಿಂತಾಗ ಕೆಳಗಿಳಿದು ಹಿಂದಿನಿಂದ ನೂಕೋಣ ಎನ್ನಿಸುವಷ್ಟು ಅವಸರ ನನಗೆ.

ಉಸ್ತಾದರು ಮಗಳ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಸಾಸಿವೆಗಿಂತ ಸಣ್ಣ ಹರಳನ್ನು ಚಕಚಕ ಎತ್ತಿ ಎಸೆಯುತ್ತಿದ್ದ ಆ ಕೈ ನೋಡಿ, ಇದು ಸೋತ ಕೈಯೇ ಎಂದುಕೊಂಡೆ. ಹೋಳುಗಳನ್ನು ಅವರ ಮುಂದೆ ಇಟ್ಟೆ. ಅವರು ಒಂದನ್ನು ಎತ್ತಿಕೊಂಡು ಸೀಳಿದ ಕಡೆ ಹೆಬ್ಬೆರಳು ಆಡಿಸಿದರು.

"ಆಟಿ ಎಲ್ಲಿ ಐತೋ?" ಎಂದರು.

"ಇಲ್ಲರೀ ಉಸ್ತಾದ್. ಮೊದಲಿಂದನೂ ಇಲ್ಲ. ನಿಮ್ಮ ಕೈದು ಏನೂ ತಪ್ಪಿಲ್ಲರೀ. ಏಳ್ರಿ, ಸಂಜಿ ಗಾಡಿಗೆ ಹೋಗೂಣು," ಎಂದೆ.

ಅವರು ಏಳಲಿಲ್ಲ. ಹೋಳನ್ನು ಹೊರಳಿಸಿ ಕಚ್ಚನ್ನೇ ನೋಡುತ್ತ, ಆಟೆ ಇಲ್ಲದ ಮೇಲೆ ಕಚ್ಚು ಯಾಕೆ ಹಾಕಿದ್ದಾರೆ ಎಂದು ಕೇಳಿದರು. ನಾನು ಏಜೆಂಟನ ಕತೆ ಹೇಳಿದೆ. ಅವರಿಗೂ ನನ್ನ ಹಾಗೆ ಸಿಟ್ಟು ಬಂದೀತು, ಆ ಸಿಟ್ಟಿನಲ್ಲಾದರೂ ಎದ್ದಾರು ಎಂಬ ಆಸೆ ನನಗೆ. ಅವರು ಪೂರ್ತಿ ಕೇಳಿದರು. ಆಮೇಲೆ ಒಳಗೆ ಹೋಗಿ ಟೊಪ್ಪಿಗೆ ಹಾಕಿಕೊಂಡು, ಒಂದು ಹೋಳು ಹಿಡಿದು ಬೀದಿಗಿಳಿದರು. ನಾನು ಹಿಂದೆ ನಡೆದೆ.

ಹೋದದ್ದು ದೇವಿ ಮಾಸ್ತರರ ಮನೆಗೆ. ಮಾಸ್ತರರು ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದರು. ಉಸ್ತಾದರು ಕೂಡಲಿಲ್ಲ. ಇವರ ಕೈಯಲ್ಲಿ ಕಸುವು ಕಡಿಮೆಯಾಗಿರಲಿಲ್ಲ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು.

"ಮಾಸ್ತರ್ರ, ಕಚ್ಚ ನೋಡಿ ತಗೋರಿ ಅಂತ ನಿಮಗ ನಾನ ಹೇಳಿದ್ನಿ. ಆ ಮಾತು ಹೊಳ್ಳಿ ತಗೊಳ್ಳಾಕ ಬಂದೀನ್ರಿ," ಎಂದರು. ಹೋಳನ್ನು ಅವರ ಕೈಯಲ್ಲಿಟ್ಟು ತೋರಿಸಿದರು. ತಮ್ಮ ಕೈ ತಪ್ಪಿರಲಿಲ್ಲ ಎಂಬುದನ್ನು ಹೇಳಲೇ ಇಲ್ಲ. ಮಾಸ್ತರರು ಮಿಸ್ತ್ರಿ, ಮಿಸ್ತ್ರಿ ಎನ್ನುತ್ತ ಬಾಗಿಲ ತನಕ ಬಂದರು.

ಸ್ಟೇಶನ್ನಿನ ಹಾದಿಯಲ್ಲಿ ನಾನು ಮತ್ತೆ ಬೇಡಿಕೊಂಡೆ. ಶೇಟರು ಆ ಮಾಲನ್ನೇ ನಿಲ್ಲಿಸುತ್ತಾರೆ, ಪಡಸಾಲೆ ನೀವಿಲ್ಲದೆ ಹಾಳುಬಿದ್ದಿದೆ, ಹತಾರು ಇನ್ನೂ ಹಲಗೆಯ ಮೇಲಿವೆ ಎಂದೆಲ್ಲ ಹೇಳಿದೆ. ಅವರು ನಿಂತರು.

"ಕೈ ಹೋತು ಅಂತ ಮನಿಗೆ ಬಂದಿದ್ನಿ ಮೋನಪ್ಪಾ. ಹೋಗ್ಲಿ ಅಂತ ಸುಮ್ಮನಾಗಿದ್ನಿ, ವಯಸ್ಸಾದ ಮ್ಯಾಲೆ ಎಲ್ಲಾರ್ದೂ ಹೋಗತೈತಿ. ಕೈ ಐತಿ ಅಂತ ನೀ ಬಂದು ತೋರ್ಸಿದಿ. ಆದ್ರ ನನ್ನ ಮಾತ ಹೋತು. ಈಗ ಹೊಳ್ಳಿ ಬಂದು ಗಿರಾಕಿಗೆ ಏನ್ ನೋಡಿ ತಗೋರಿ ಅಂತ ಹೇಳ್ಲಿ?"

ಅವರು ಜೇಬಿನಿಂದ ಎರಡು ಹಲ್ಲಿನ ಪಾನಾ ತೆಗೆದು ನನ್ನ ಕೈಗಿತ್ತು, ಹಳೆಯ ಮಾಲು ಇನ್ನೂ ಬರುತ್ತಿರುತ್ತದೆ, ನಿನಗೆ ಬೇಕಾಗುತ್ತದೆ ಎಂದು ಹೇಳಿ ತಿರುಗಿ ನಡೆದರು. ರೈಲಿನಲ್ಲಿ ಕೂತು ನಾನು ಪಾನಾ ಹಿಡಿದುಕೊಂಡು ಅತ್ತೆ. ಎದುರಿನ ಸೀಟಿನವರು ಯಾರು ತೀರಿಕೊಂಡರು ಎಂದು ಕೇಳಿದರು.

ಎಷ್ಟೋ ಸಲ ಅನಿಸಿದೆ, ಆ ಹೋಳುಗಳನ್ನು ನಾನು ಖಾನಾಪುರಕ್ಕೆ ಒಯ್ಯಬಾರದಿತ್ತೇನೋ ಎಂದು. ಒಯ್ಯದೆ ಇರಲೂ ಆಗುತ್ತಿರಲಿಲ್ಲ. ಮುಂದೆ ನಾನೇ ಖಾನಾಪುರದಲ್ಲಿ ದುಕಾನು ಹಾಕಿದಾಗ, ಅವರ ಹತಾರುಗಳನ್ನು ಒಂದು ಹಲಗೆಯ ಮೇಲೆ ಬೇರೆಯಾಗಿ ಇಟ್ಟಿದ್ದೆ, ಬಂದರೆ ಎತ್ತಿಕೊಳ್ಳಲಿ ಎಂದು. ಮಸೀದಿಗೆ ಹೋಗುವಾಗ ಅವರು ದಿನಾ ದುಕಾನಿನ ಮುಂದೆಯೇ ಹಾದುಹೋಗುತ್ತಿದ್ದರು. ಅರೆಗಳಿಗೆ ನಿಂತು, ನಾನು ಮಾಡುತ್ತಿದ್ದ ಕೆಲಸವನ್ನು ಬೀದಿಯಿಂದಲೇ ನೋಡಿ ತಲೆಯಾಡಿಸಿ ಹೋಗುತ್ತಿದ್ದರು. ಒಳಗೆ ಕಾಲಿಡಲಿಲ್ಲ. ಹಾಗೆಯೇ ಒಂದು ದಿನ ಹಾದುಹೋಗುವುದೂ ನಿಂತಿತು.

ಈಗಿನ ಮಾಲಿನಲ್ಲಿ ಇಂಥ ಕಚ್ಚು ತುಂಬಿಹೋಗಿವೆ. ತಿರುಪಿನ ತಲೆ ಕಾಣುತ್ತದೆ, ತಿರುಗುವುದಿಲ್ಲ. ಎಣ್ಣೆ ಬಿಡುವ ಬಾಯಿ ಕಾ‌ಣುತ್ತದೆ, ಒಳಗೆ ದಾರಿಯಿಲ್ಲ. ಹೊಸ ಹುಡುಗರೇ, ಬಿಚ್ಚಲು ಬರಲಿಲ್ಲ ಎಂದು ಸಟ್ಟನೆ ನಿಮ್ಮ ಕೈಯನ್ನು ಬಯ್ದುಕೊಳ್ಳಬೇಡಿರಿ, ಇದಿಷ್ಟನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ಉಳಿದದ್ದನ್ನು ಕೇಳಬೇಡಿರಿ. ದುಕಾನು ನಡೆಸಿದಷ್ಟು ಕಾಲವೂ ಗಿರಾಕಿಗಳು ಹೊಸ ಸಾಮಾನು ಕೊಳ್ಳುವಾಗ, ಏನು ನೋಡಿ ತಗೊಳ್ಳಲಿ ಮಿಸ್ತ್ರಿ ಎಂದು ನನ್ನನ್ನು ಕೇಳುತ್ತಿದ್ದರು. ಒಬ್ಬರಿಗೂ ನಾನು ಉತ್ತರ ಹೇಳಲಿಲ್ಲ.